ಇಲಿಯ ಕರುಳಿನಲ್ಲಿ ಜಿಯಾರ್ಡಿಯಾ ವಿರುದ್ಧದ ಪ್ರತಿಕಾಯ ಅಳೆಯುವುದು ಹೇಗೆ: ಸೋಂಕಿನಿಂದ ಲೆಕ್ಕದವರೆಗೆ ಸಮಗ್ರ ಮಾರ್ಗದರ್ಶಿ

ಕರುಳಿನ ಪರಾವಲಂಬಿಯ ಮೇಲೆ ಕೆಲಸ ಶುರುಮಾಡಿದವರು ಪ್ರತಿಕಾಯ ಅಳೆಯಬೇಕು ಎಂದಾಗ ಮೊದಲು ಕೈಹಾಕುವುದು ರಕ್ತಕ್ಕೆ. ಸೀರಮ್ (ರಕ್ತದ ತಿಳಿ ದ್ರವ) ತೆಗೆಯುವುದು ಸುಲಭ, ಎಲೈಸಾ (ಪ್ಲೇಟಿನ ‘ವೆಲ್’ ಎಂಬ ಗುಳಿಗಳಲ್ಲಿ ಬಣ್ಣದಿಂದ ಪ್ರತಿಕಾಯ ಪತ್ತೆಮಾಡುವ ಪರೀಕ್ಷೆ) ಮಾಡುವುದೂ ಸುಲಭ, ಸಂಖ್ಯೆಗಳೂ ಅಚ್ಚುಕಟ್ಟಾಗಿ ಬರುತ್ತವೆ. ಆದರೆ ಜಿಯಾರ್ಡಿಯಾ ಎಂಬ ಏಕಕೋಶ ಪರಾವಲಂಬಿ ಕರುಳಿನ ಗೋಡೆಯೊಳಗೆ ನುಗ್ಗುವುದೇ ಇಲ್ಲ. ಸಣ್ಣಕರುಳಿನ ಮೇಲ್ಭಾಗದಲ್ಲಿ, ಲೋಳೆಯ ಮರೆಯಲ್ಲಿ, ಹೊಟ್ಟೆಯ ಕಡೆಗಿರುವ ಬಟ್ಟಲಿನಂಥ ತಟ್ಟೆಯಿಂದ ಮೇಲ್ಪದರದ ಜೀವಕೋಶಗಳಿಗೆ ಕಚ್ಚಿಕೊಂಡು ಬದುಕುತ್ತದೆ. ಅಲ್ಲಿಯವರೆಗೆ ದೊಡ್ಡ ಪ್ರಮಾಣದಲ್ಲಿ ತಲುಪಬಲ್ಲ ಪ್ರತಿಕಾಯ ಐಜಿಎ, ಅಂದರೆ ಲೋಳೆಪದರಗಳಿಂದ ಸ್ರವಿಸುವ ಬಗೆ. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ ಎಷ್ಟೇ ಏರಿದರೂ ಕರುಳಿನ ಪೊಳ್ಳಿನಲ್ಲಿ ಈಜುತ್ತಿರುವ ಜೀವಿಗೆ ಅದರ ಬಿಸಿ ತಟ್ಟುವುದು ಅಪರೂಪ.

ಹಾಗಾಗಿ ಅಳತೆ ಕರುಳಿನಲ್ಲೇ ಆಗಬೇಕು. ಕಷ್ಟ ಶುರುವಾಗುವುದೂ ಅಲ್ಲೇ. ಕರುಳು ಪ್ರತಿಕಾಯಗಳನ್ನು ಸ್ರವಿಸುವ ಜಾಗವೂ ಹೌದು, ಪ್ರೋಟೀನನ್ನು ಕತ್ತರಿಸಿ ಹಾಕುವ ಜಾಗವೂ ಹೌದು. ಸೋಂಕೇ ಇಲ್ಲದ ಇಲಿಯ ಕರುಳಲ್ಲೂ ಬ್ಯಾಕ್ಟೀರಿಯಾಗಳ ವಿರುದ್ಧದ ಐಜಿಎ ಧಾರಾಳವಾಗಿ ಹರಿಯುತ್ತಿರುತ್ತದೆ. ಇದನ್ನು ಓದುತ್ತಾ ಹೋಗುವಾಗ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪ್ಲೇಟಿನಲ್ಲಿ ಬಣ್ಣ ತಂದ ಈ ಐಜಿಎ ಎಲ್ಲಿಂದ ಬಂತು, ಅಂಟಿಕೊಂಡದ್ದು ಯಾವುದಕ್ಕೆ?

ಇಲ್ಲಿ ಬಳಸುವ ಜೀವಿ ಜಿಯಾರ್ಡಿಯಾ ಮ್ಯೂರಿಸ್. ಇದು ಇಲಿಯದೇ ಪರಾವಲಂಬಿ. 1976ರಲ್ಲಿ ರಾಬರ್ಟ್ಸ್-ಥಾಮ್ಸನ್ ಮತ್ತು ಸಂಗಡಿಗರು ಇದನ್ನು ಪ್ರಯೋಗದ ಮಾದರಿಯಾಗಿ ಮುಂದಿಟ್ಟ ಮೇಲೆ ಕರುಳಿನ ರೋಗನಿರೋಧಕ ಶಕ್ತಿಯ ಬಗ್ಗೆ ಬಹಳಷ್ಟು ತಿಳಿದದ್ದು ಇದರಿಂದಲೇ. ಮನುಷ್ಯನಿಂದ ಪಡೆದ ಜಿಯಾರ್ಡಿಯಾ ಲ್ಯಾಂಬ್ಲಿಯಾವನ್ನೂ ಇಲಿಗೆ ಹಾಕಬಹುದು, ಆದರೆ ಎಲ್ಲ ತಳಿಗಳೂ ಇಲಿಯಲ್ಲಿ ನೆಲೆ ನಿಲ್ಲುವುದಿಲ್ಲ. ಕರುಳಿನ ಐಜಿಎ ಕಲಿಯಲು ಹೊರಟವರಿಗೆ ಮ್ಯೂರಿಸ್ ಹೆಚ್ಚು ಅನುಕೂಲ: ಸೋಂಕು ಖಚಿತವಾಗಿ ಹತ್ತುತ್ತದೆ, ಏರುತ್ತದೆ, ಆರೋಗ್ಯವಂತ ಇಲಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಏರಿಳಿತದ ಪಕ್ಕದಲ್ಲಿ ಪ್ರತಿಕಾಯದ ಗೆರೆಯನ್ನು ಎಳೆದು ನೋಡುವುದೇ ಇಡೀ ಕೆಲಸ.

ಮೊದಲು ತಿಳಿದಿರಬೇಕಾದದ್ದು

ಕರುಳಿನ ಐಜಿಎ ತಯಾರಾಗುವುದು ಲಾಮಿನಾ ಪ್ರೊಪ್ರಿಯಾದಲ್ಲಿರುವ (ಮೇಲ್ಪದರದ ಕೆಳಗಿನ ಅಂಗಾಂಶ) ಪ್ಲಾಸ್ಮಾ ಕೋಶಗಳಲ್ಲಿ. ಆ ಕೋಶಗಳ ಪೂರ್ವಜರಾದ ಬಿ ಕೋಶಗಳಲ್ಲಿ ಅನೇಕವು ಪೇಯರ್ಸ್ ಪ್ಯಾಚ್‌ಗಳಲ್ಲಿ (ಕರುಳಿನ ಗೋಡೆಯ ದುಗ್ಧ ಅಂಗಾಂಶದ ಗಂಟುಗಳು) ಪ್ರತಿಜನಕವನ್ನು, ಅಂದರೆ ಪ್ರತಿಕಾಯ ಗುರುತಿಸುವ ಪರಕೀಯ ವಸ್ತುವನ್ನು, ಕಂಡು, ದುಗ್ಧನಾಳ ಮತ್ತು ರಕ್ತದ ದಾರಿಯಲ್ಲಿ ಸುತ್ತಿ, ಮರಳಿ ಕರುಳಿಗೇ ಬಂದು ನೆಲೆಸುತ್ತವೆ. ತಯಾರಾದ ಐಜಿಎ ಎರಡೆರಡು ಅಣುಗಳಾಗಿ ಜೆ ಸರಪಣಿಯಿಂದ ಜೋಡಿಗೊಂಡಿರುತ್ತದೆ. ಮೇಲ್ಪದರದ ಕೋಶಗಳ ತಳದಲ್ಲಿರುವ ಪಾಲಿಮೆರಿಕ್ ಇಮ್ಯುನೊಗ್ಲಾಬ್ಯುಲಿನ್ ಗ್ರಾಹಕ ಈ ಜೋಡಿಯನ್ನು ಹಿಡಿದು, ಕೋಶವನ್ನು ದಾಟಿಸಿ ಪೊಳ್ಳಿಗೆ ಬಿಡುತ್ತದೆ. ಬಿಡುವಾಗ ಗ್ರಾಹಕದ ಒಂದು ತುಂಡು ಐಜಿಎಗೆ ಅಂಟಿಕೊಂಡೇ ಹೋಗುತ್ತದೆ. ಅದೇ ಸೆಕ್ರೆಟರಿ ಕಾಂಪೊನೆಂಟ್. ಈ ತುಂಡು ಇದ್ದರೆ ಆ ಐಜಿಎ ಸರಿಯಾದ ದಾರಿಯಲ್ಲಿ ಹೊರಬಂದದ್ದು, ಗಾಯದಿಂದ ಸೋರಿದ ರಕ್ತದ್ದಲ್ಲ ಎಂದರ್ಥ.

ಇಲಿಯಲ್ಲಿ ಇನ್ನೊಂದು ದಾರಿಯೂ ಇದೆ. ಅದರ ಯಕೃತ್ತಿನ ಕೋಶಗಳು ಅದೇ ಗ್ರಾಹಕದ ಮೂಲಕ ರಕ್ತದ ಐಜಿಎಯನ್ನು ಪಿತ್ತರಸಕ್ಕೆ ದಾಟಿಸುತ್ತವೆ. ಪಿತ್ತರಸ ಬಂದು ಬೀಳುವುದು ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್‌ಗೆ, ಜಿಯಾರ್ಡಿಯಾ ಬೀಡುಬಿಟ್ಟ ಜಾಗದ ನೆತ್ತಿಗೆ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲು ಹೊರಡುವವರು ಇದನ್ನು ಮರೆಯಬಾರದು.

ಹಂತ 1: ಇಲಿ, ಪಂಜರ, ದಿನಗಳ ಲೆಕ್ಕ

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲಷ್ಟೇ ಮುಂದಿನ ಮಾತು. ನಂತರ ತಳಿ ಆರಿಸಿ. ಬ್ಯಾಲ್ಬ್-ಸಿ ಇಲಿಗಳು ಸೋಂಕನ್ನು ಸಾಮಾನ್ಯವಾಗಿ ನಾಲ್ಕೈದು ವಾರಗಳಲ್ಲಿ ಕಳೆದುಕೊಳ್ಳುತ್ತವೆ. ಸಿ3ಎಚ್-ಹೆ ಇಲಿಗಳಲ್ಲಿ ಅದು ಬಹುಕಾಲ ಎಳೆಯುತ್ತದೆ. ಟಿ ಕೋಶಗಳಿಲ್ಲದ ನ್ಯೂಡ್ ಇಲಿಗಳಲ್ಲಿ ಹೋಗುವುದೇ ಕಷ್ಟ. ವಯಸ್ಸು 6ರಿಂದ 8 ವಾರ ಇರಲಿ. ಹಾಲು ಬಿಡದ ಮರಿಗಳು ಬೇಡ: ತಾಯಿಯ ಹಾಲಿನ ಐಜಿಎ ಅವುಗಳ ಕರುಳಲ್ಲಿರುತ್ತದೆ, ಹಾಲಿನ ಐಜಿಜಿಯಂತೂ ಕರುಳು ದಾಟಿ ರಕ್ತಕ್ಕೇ ಸೇರಿರುತ್ತದೆ.

ಇಲಿಗಳು ಬಂದ ಕೂಡಲೇ ಹಿಕ್ಕೆ ಪರೀಕ್ಷಿಸಿ. ಪ್ರಾಣಿಗೃಹಗಳಲ್ಲಿ ಜಿಯಾರ್ಡಿಯಾ ಮ್ಯೂರಿಸ್, ಸ್ಪೈರೊನ್ಯೂಕ್ಲಿಯಸ್, ಪಿನ್‌ವರ್ಮ್ ಎಂಬ ಪರಾವಲಂಬಿಗಳು ಮೊದಲೇ ಇರುವುದುಂಟು. ಇದ್ದರೆ ಮೆಟ್ರೊನಿಡಜೋಲ್ ಕೊಟ್ಟು ಶುದ್ಧಮಾಡಿ ಮುಂದುವರಿಯೋಣ ಅನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಇಲಿಗಳನ್ನು ಈ ಪ್ರಯೋಗಕ್ಕೆ ಬಳಸದಿರುವುದೇ ಮೇಲು. ಆ ಔಷಧಿ ಆಮ್ಲಜನಕವಿಲ್ಲದೆ ಬದುಕುವ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಬ್ಯಾಕ್ಟೀರಿಯಾ ಬದಲಾದರೆ ಕರುಳಿನ ಒಟ್ಟು ಐಜಿಎಯೂ ಬದಲಾಗುತ್ತದೆ. ಹಳೆಯ ಸೋಂಕಿನ ಪ್ರತಿಕಾಯವೂ ಉಳಿದಿರುತ್ತದೆ.

ಪಂಜರದ ವಿಷಯ ಸಣ್ಣದೆಂದು ತೋರಿದರೂ ಇಡೀ ಪ್ರಯೋಗವನ್ನು ಕೆಡಿಸಬಲ್ಲದು. ಇಲಿಗಳು ಹಿಕ್ಕೆ ತಿನ್ನುತ್ತವೆ. ಸೋಂಕಿತ ಇಲಿಯ ಜೊತೆ ಬಿಟ್ಟ ‘ಸೋಂಕಿಲ್ಲದ’ ಇಲಿಗೆ ಕೆಲವೇ ದಿನಗಳಲ್ಲಿ ಸೋಂಕು ಖಂಡಿತ. ಆದ್ದರಿಂದ ಹೋಲಿಕೆಯ ಗುಂಪು ಬೇರೆ ಪಂಜರದಲ್ಲೇ ಇರಬೇಕು. ಆದರೆ ಒಂದೇ ಪಂಜರದ ಇಲಿಗಳು ಬ್ಯಾಕ್ಟೀರಿಯಾಗಳನ್ನೂ ಹಂಚಿಕೊಳ್ಳುವುದರಿಂದ, ಸೋಂಕಿತರೆಲ್ಲ ಒಂದು ಪಂಜರ, ಸೋಂಕಿಲ್ಲದವರೆಲ್ಲ ಇನ್ನೊಂದು ಪಂಜರ ಎಂದಿಟ್ಟರೆ ಕಂಡ ವ್ಯತ್ಯಾಸ ಸೋಂಕಿನದೋ ಪಂಜರದ್ದೋ ಗೊತ್ತಾಗುವುದಿಲ್ಲ. ಪ್ರತಿ ಗುಂಪಿಗೆ ಕನಿಷ್ಠ ಮೂರು ಪಂಜರ ಇಡಿ. ಸೋಂಕು ಕೊಡುವ ಎರಡು ವಾರ ಮೊದಲು ಪಂಜರಗಳ ನಡುವೆ ಬಳಸಿದ ಹಾಸು ಬೆರೆಸಿ, ಆಮೇಲೆ ನಿಲ್ಲಿಸಿ.

ಮಾದರಿ ತೆಗೆಯುವ ದಿನಗಳು: ಸೋಂಕಿಗೆ ಮುಂಚೆ ಒಮ್ಮೆ, ಆಮೇಲೆ 7, 14, 21, 28, 35ನೇ ದಿನ. ಸೋಂಕಿಗೆ ಮುಂಚಿನ ಮಾದರಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಪ್ರತಿ ಇಲಿಗೂ ಅದರದೇ ಹಿನ್ನೆಲೆ ಐಜಿಎ ಇರುತ್ತದೆ, ಅದು ತಿಳಿಯದೆ ಏರಿಕೆಯನ್ನು ಹೇಳಲಾಗದು.

ಹಂತ 2: ಸಿಸ್ಟ್ ಸಂಗ್ರಹ ಮತ್ತು ಸೋಂಕು

ಸಿಸ್ಟ್ ಎಂದರೆ ಹಿಕ್ಕೆಯಲ್ಲಿ ಹೊರಬಂದು ಸೋಂಕು ಹರಡುವ, ಗಟ್ಟಿ ಹೊದಿಕೆಯ ರೂಪ. ಸೋಂಕಿತ ಇಲಿಗಳನ್ನು ಒಂದೆರಡು ಗಂಟೆ ಹಾಸಿಲ್ಲದ ಜಾಲರಿ ಪಂಜರದಲ್ಲಿಟ್ಟು ತಾಜಾ ಹಿಕ್ಕೆ ಸಂಗ್ರಹಿಸಿ. ತಣ್ಣಗಿನ ನೀರಿನಲ್ಲಿ ನೆನೆಸಿ, ಮೆದುಮಾಡಿ, ಗಾಜ್ ಬಟ್ಟೆಯಲ್ಲಿ ಸೋಸಿ. ಒಂದು ಮೋಲಾರ್ ಸುಕ್ರೋಸ್ ದ್ರಾವಣದ ಮೇಲೆ ಈ ದ್ರವವನ್ನು ನಿಧಾನವಾಗಿ ಪದರವಾಗಿ ಬಿಡಿ. 400 ಜಿ ವೇಗದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ ಕಸ ಕೆಳಗಿಳಿಯುತ್ತದೆ, ಸಿಸ್ಟ್‌ಗಳು ಎರಡು ದ್ರವಗಳು ಸೇರುವ ಗೆರೆಯಲ್ಲಿ ನಿಲ್ಲುತ್ತವೆ. ಅವನ್ನು ಪಿಪೆಟ್‌ನಿಂದ ಎತ್ತಿ, ತಡಮಾಡದೆ ಸಾಕಷ್ಟು ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಸುಕ್ರೋಸ್‌ನಲ್ಲಿ ಬಹಳ ಹೊತ್ತು ಬಿಟ್ಟರೆ ಸಿಸ್ಟ್ ಸುಕ್ಕುಗಟ್ಟುತ್ತದೆ.

ಹೀಮೊಸೈಟೊಮೀಟರ್‌ನಲ್ಲಿ (ಚೌಕಗಳಿರುವ ಎಣಿಕೆ ಗಾಜು) ಎಣಿಸಿ, ಇಲಿಯೊಂದಕ್ಕೆ 1,000 ಸಿಸ್ಟ್ ಬರುವಂತೆ 0.2 ಮಿಲೀಲೀಟರ್ ನೀರಿನಲ್ಲಿ ತೇಲಿಸಿ ಬಾಯಿಯ ಮೂಲಕ ಗವಾಜ್ ಸೂಜಿಯಿಂದ ಹೊಟ್ಟೆಗೆ ಬಿಡಿ. 20 ಗ್ರಾಂ ಇಲಿಗೆ ಇದಕ್ಕಿಂತ ಹೆಚ್ಚು ದ್ರವ ಬೇಡ. ಸಿಸ್ಟ್‌ಗಳು ತಳಕ್ಕಿಳಿಯುವುದರಿಂದ ಪ್ರತಿ ಸಲ ಸಿರಿಂಜ್ ತುಂಬುವ ಮೊದಲು ಕೊಳವೆಯನ್ನು ತಿರುವಿಹಾಕಿ. ಇಲ್ಲದಿದ್ದರೆ ಮೊದಲ ಇಲಿಗೂ ಕೊನೆಯ ಇಲಿಗೂ ಸಿಕ್ಕ ಪ್ರಮಾಣ ಒಂದೇ ಆಗಿರುವುದಿಲ್ಲ. ಹೋಲಿಕೆಯ ಗುಂಪಿಗೆ ಬರೀ ನೀರಲ್ಲ, ಸೋಂಕಿಲ್ಲದ ಇಲಿಯ ಹಿಕ್ಕೆಯನ್ನು ಇದೇ ಕ್ರಮದಲ್ಲಿ ಸುಕ್ರೋಸ್ ದಾಟಿಸಿ ತೆಗೆದ ದ್ರವ ಕೊಡಿ. ಸಿಸ್ಟ್‌ಗಳ ಜೊತೆ ಅಷ್ಟಿಷ್ಟು ಬ್ಯಾಕ್ಟೀರಿಯಾ ಬಂದೇ ಬರುತ್ತದೆ. ಎರಡೂ ಗುಂಪಿಗೆ ಅದು ಸಮನಾಗಿರಲಿ.

ಹಂತ 3: ಕರುಳಿನ ಮಾದರಿ

ಎರಡು ಬಗೆಯ ಮಾದರಿ ತೆಗೆಯಿರಿ. ಬದುಕಿರುವ ಇಲಿಯಿಂದ ವಾರವಾರ ಹಿಕ್ಕೆ. ಆಯ್ದ ದಿನಗಳಲ್ಲಿ ದಯಾಮರಣ ಕೊಟ್ಟ ಇಲಿಯಿಂದ ಸಣ್ಣಕರುಳಿನ ತೊಳೆತ.

ಹಿಕ್ಕೆಯ ಅನುಕೂಲವೆಂದರೆ ಒಂದೇ ಇಲಿಯನ್ನು ಕೊನೆಯವರೆಗೂ ಹಿಂಬಾಲಿಸಬಹುದು. ಅನಾನುಕೂಲವೆಂದರೆ ಅದು ದೊಡ್ಡಕರುಳನ್ನು ದಾಟಿ ಬಂದದ್ದು. ದಾರಿಯಲ್ಲಿ ಒಂದಷ್ಟು ಐಜಿಎ ಕತ್ತರಿಸಲ್ಪಟ್ಟಿರುತ್ತದೆ, ಒಂದಷ್ಟು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಸೆಂಟ್ರಿಫ್ಯೂಜ್‌ನಲ್ಲಿ ಅವುಗಳ ಜೊತೆಗೇ ತಳ ಸೇರುತ್ತದೆ. ನೀವು ಅಳೆಯುವುದು ಉಳಿದದ್ದನ್ನು ಮಾತ್ರ.

ಪ್ರತಿಸಲ ಒಂದೇ ಹೊತ್ತಿನಲ್ಲಿ ಹಿಕ್ಕೆ ಸಂಗ್ರಹಿಸಿ, ಕೂಡಲೇ ಐಸ್ ಮೇಲಿಡಿ. 100 ಮಿಲಿಗ್ರಾಂ ಹಿಕ್ಕೆಗೆ 1 ಮಿಲೀಲೀಟರ್ ತಣ್ಣಗಿನ ಪಿಬಿಎಸ್ (ಫಾಸ್ಫೇಟ್ ಉಪ್ಪುನೀರಿನ ಬಫರ್). ಅದರಲ್ಲಿ 50 ಮಿಲಿಮೋಲಾರ್ ಇಡಿಟಿಎ, ಮಿಲೀಲೀಟರಿಗೆ 0.1 ಮಿಲಿಗ್ರಾಂ ಸೋಯಾ ಟ್ರಿಪ್ಸಿನ್ ಇನ್ಹಿಬಿಟರ್, 1 ಮಿಲಿಮೋಲಾರ್ ಪಿಎಂಎಸ್ಎಫ್ ಇರಲಿ. ಮೂರೂ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯಲು. ಪಿಎಂಎಸ್ಎಫ್ ನೀರಿನಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಪಿಎಚ್ 7.5, ಕೋಣೆಯ ಉಷ್ಣತೆಯಲ್ಲಿ ಸುಮಾರು ಒಂದು ಗಂಟೆಯೊಳಗೆ ಅರ್ಧ ಹಾಳಾಗಿರುತ್ತದೆ. ಬೆಳಗ್ಗೆ ಬೆರೆಸಿಟ್ಟ ಬಫರನ್ನು ಸಂಜೆ ಬಳಸಿದರೆ ಕರುಳಿನ ಕಿಣ್ವಗಳಿಗೆ ತಡೆಯೇ ಇಲ್ಲದಂತೆ. ಮಾದರಿ ಸೇರಿಸುವ ಕ್ಷಣದಲ್ಲೇ ಅದನ್ನು ಹಾಕಿ. ವಿಷವಸ್ತುವಾದ್ದರಿಂದ ಕೈಗವಸು ಬೇಕೇ ಬೇಕು. ಹಿಕ್ಕೆ ಪೂರ್ತಿ ಕರಗುವವರೆಗೆ ಅಲುಗಿಸಿ, 4 ಡಿಗ್ರಿಯಲ್ಲಿ 16,000 ಜಿ ವೇಗಕ್ಕೆ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ದ್ರವವನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ ಮೈನಸ್ 80 ಡಿಗ್ರಿಗೆ ಕಳಿಸಿ. ಒಂದೇ ಕೊಳವೆಯನ್ನು ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ.

ಸೋಡಿಯಂ ಅಜೈಡ್ ಹಾಕುವ ಅಭ್ಯಾಸವಿದ್ದರೆ ಇಲ್ಲಿ ಕೈಬಿಡಿ. ಎಲೈಸಾದ ಕೊನೆಯಲ್ಲಿ ಬಣ್ಣ ತರುವ ಪೆರಾಕ್ಸಿಡೇಸ್ ಕಿಣ್ವವನ್ನು ಅದು ನಿಷ್ಕ್ರಿಯಗೊಳಿಸುತ್ತದೆ.

ತೊಳೆತಕ್ಕೆ ಜಠರದ ಕೆಳಗಿನಿಂದ ದೊಡ್ಡಕರುಳಿನ ಆರಂಭವಾದ ಸೀಕಮ್‌ವರೆಗಿನ ಸಣ್ಣಕರುಳನ್ನು ಕತ್ತರಿಸಿ ತೆಗೆದು, ಮೇಲಿನದೇ ತಣ್ಣಗಿನ ಬಫರ್ 5 ಮಿಲೀಲೀಟರನ್ನು ಮೊಂಡು ಸೂಜಿಯಿಂದ ಮೆಲ್ಲಗೆ ಹಾಯಿಸಿ. ಒತ್ತಡ ಜಾಸ್ತಿಯಾದರೆ ಮೇಲ್ಪದರ ಕಿತ್ತುಬಂದು ಒಳಗಿನ ರಕ್ತ ಬೆರೆಯುತ್ತದೆ. ಬೆರೆತಿದೆಯೋ ಇಲ್ಲವೋ ಎಂದು ಬಣ್ಣ ನೋಡಿ ಊಹಿಸಬೇಡಿ, ತೊಳೆತದಲ್ಲಿ ಇಲಿಯ ಅಲ್ಬುಮಿನ್ (ರಕ್ತದಲ್ಲಿ ಹೇರಳವಾಗಿರುವ ಪ್ರೋಟೀನ್) ಅಳೆಯಿರಿ. ಅಲ್ಬುಮಿನ್ ವಿಪರೀತ ಇರುವ ಮಾದರಿಯಲ್ಲಿ ಐಜಿಜಿ ಕಂಡರೆ ಅದು ಬಹುಪಾಲು ರಕ್ತದ್ದೇ. ಕರುಳಿನಲ್ಲಿ ಐಜಿಜಿ ಸಿಕ್ಕಿತು ಎಂದು ಬರೆಯುವ ಮುನ್ನ ಈ ಪರೀಕ್ಷೆ ಆಗಿರಲೇಬೇಕು.

ಅದೇ ಇಲಿಯಿಂದ ಸೀರಮ್, ಸಾಧ್ಯವಾದರೆ ಪಿತ್ತಕೋಶವನ್ನು ಚುಚ್ಚಿ ಕೆಲವು ಮೈಕ್ರೋಲೀಟರ್ ಪಿತ್ತರಸ ತೆಗೆದಿಡಿ.

ಹಂತ 4: ಪರಾವಲಂಬಿಯ ಎಣಿಕೆ

ಪ್ರತಿಕಾಯ ಅಳೆದ ಇಲಿಯಲ್ಲೇ ಪರಾವಲಂಬಿಯನ್ನೂ ಎಣಿಸಬೇಕು. ತೊಳೆತದಲ್ಲಿ ಕೊಚ್ಚಿಬಂದವನ್ನು ಸೆಂಟ್ರಿಫ್ಯೂಜ್‌ನ ತಳದಿಂದ ಎತ್ತಿ ಎಣಿಕೆಗೆ ಸೇರಿಸಿಕೊಳ್ಳಿ. ಕರುಳನ್ನು ಉದ್ದಕ್ಕೆ ಸೀಳಿ, 5 ಮಿಲೀಲೀಟರ್ ತಣ್ಣಗಿನ ಪಿಬಿಎಸ್‌ನಲ್ಲಿ ಹಾಕಿ ಅರ್ಧ ಗಂಟೆ ಐಸ್ ಮೇಲಿಡಿ. ತಣ್ಣಗಾದಾಗ, ಕರುಳಿಗೆ ಕಚ್ಚಿಕೊಂಡು ಬದುಕುವ ಸಕ್ರಿಯ ರೂಪವಾದ ಟ್ರೋಫೊಜಾಯ್ಟ್‌ಗಳು ಹಿಡಿತ ಬಿಡುತ್ತವೆ. ಆಮೇಲೆ ಜೋರಾಗಿ ಅಲುಗಿಸಿ, ಹೀಮೊಸೈಟೊಮೀಟರ್‌ನಲ್ಲಿ ಎಣಿಸಿ.

ಒಂದು ದೊಡ್ಡ ಚೌಕದಲ್ಲಿರುವುದು 0.1 ಮೈಕ್ರೋಲೀಟರ್. ಚೌಕಕ್ಕೆ ಸರಾಸರಿ 12 ಸಿಕ್ಕರೆ ಮಿಲೀಲೀಟರಿಗೆ 1,20,000. 5 ಮಿಲೀಲೀಟರಿಗೆ 6 ಲಕ್ಷ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಾಲ್ಕು ಚೌಕಗಳಲ್ಲಿ ಒಂದೇ ಒಂದು ಕಂಡರೂ ಕರುಳಿನಲ್ಲಿರುವುದು 12,500. ಅಂದರೆ ನಾಲ್ಕು ಚೌಕ ನೋಡಿ ‘ಸೊನ್ನೆ’ ಎಂದು ಬರೆದ ಇಲಿಯಲ್ಲಿ ಸಾವಿರಾರು ಜೀವಿಗಳು ಉಳಿದಿರಬಹುದು. ಸೋಂಕು ಹೋಯಿತು ಎಂದು ಹೇಳಬೇಕಾದರೆ ಹೆಚ್ಚು ಚೌಕಗಳನ್ನು ನೋಡಿ, ಹಿಕ್ಕೆಯಲ್ಲಿ ಸಿಸ್ಟ್ ಇಲ್ಲವೆಂದು ಬೇರೆ ಬೇರೆ ದಿನ ಖಚಿತಪಡಿಸಿಕೊಳ್ಳಿ. ಸಿಸ್ಟ್ ಹೊರಬೀಳುವುದು ದಿನದಿಂದ ದಿನಕ್ಕೆ ಏರುಪೇರಾಗುತ್ತದೆ.

ಹಂತ 5: ಪ್ರತಿಜನಕ ತಯಾರಿ, ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗ

ಜಿಯಾರ್ಡಿಯಾ ಲ್ಯಾಂಬ್ಲಿಯಾವನ್ನು ಕೊಳವೆಯಲ್ಲಿ ಶುದ್ಧವಾಗಿ ಬೆಳೆಸಬಹುದು. ಮ್ಯೂರಿಸ್ ಹಾಗೆ ಸುಲಭಕ್ಕೆ ಬೆಳೆಯುವುದಿಲ್ಲ. ಆದ್ದರಿಂದ ಎಲೈಸಾಗೆ ಬೇಕಾದ ಪ್ರತಿಜನಕವನ್ನು ಸೋಂಕಿತ ಇಲಿಯ ಕರುಳಿನಿಂದ ತೆಗೆದ ಟ್ರೋಫೊಜಾಯ್ಟ್‌ಗಳಿಂದಲೇ ಮಾಡಿಕೊಳ್ಳಬೇಕು. ಇಲ್ಲಿ ಎರಡು ಬಲೆಗಳಿವೆ.

ಒಂದು: ಸೋಂಕಾಗಿ ಹತ್ತು ದಿನ ದಾಟಿದ ಇಲಿಯಲ್ಲಿ ಟ್ರೋಫೊಜಾಯ್ಟ್‌ಗಳ ಮೈಮೇಲೆ ಆ ಇಲಿಯದೇ ಐಜಿಎ ಅಂಟಿಕೊಂಡಿರಬಹುದು. ಅವನ್ನು ಒಡೆದು ಪ್ಲೇಟಿಗೆ ಹಚ್ಚಿದರೆ ಇಲಿಯ ಐಜಿಎಯನ್ನೂ ಜೊತೆಗೆ ಹಚ್ಚಿದಂತಾಯಿತು. ಆಮೇಲೆ ಹಾಕುವ ಆಂಟಿ-ಮೌಸ್ ಐಜಿಎ (ಇಲಿಯ ಐಜಿಎಗೆ ಅಂಟುವ ಪತ್ತೆ ಪ್ರತಿಕಾಯ) ಅದನ್ನೇ ಹಿಡಿಯುತ್ತದೆ. ಮಾದರಿ ಹಾಕದ ವೆಲ್‌ನಲ್ಲೂ ಬಣ್ಣ ಬರುತ್ತದೆ, ಎಲ್ಲ ಇಲಿಗಳೂ ‘ಪಾಸಿಟಿವ್’ ಆಗುತ್ತವೆ. ಇದಕ್ಕೆ ಪರಿಹಾರ, ಬಿ ಕೋಶಗಳೇ ಇಲ್ಲದ ಇಲಿಗಳಲ್ಲಿ ಅಥವಾ ನ್ಯೂಡ್ ಇಲಿಗಳಲ್ಲಿ ಪರಾವಲಂಬಿಯನ್ನು ಬೆಳೆಸಿಕೊಳ್ಳುವುದು. ಅವು ಸಿಗದಿದ್ದರೆ ಸಾಮಾನ್ಯ ಇಲಿಯಿಂದ 6 ಅಥವಾ 7ನೇ ದಿನವೇ ತೆಗೆಯಿರಿ. ಆಗ ಟ್ರೋಫೊಜಾಯ್ಟ್‌ಗಳ ಸಂಖ್ಯೆ ಚೆನ್ನಾಗಿ ಏರಿರುತ್ತದೆ, ಪ್ರತಿಕಾಯ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಯಾವ ಇಲಿಯಿಂದ ತೆಗೆದರೂ ‘ಪ್ರತಿಜನಕ ಇದೆ, ಮಾದರಿ ಇಲ್ಲ’ ಎನ್ನುವ ವೆಲ್‌ಗಳು ಪ್ರತಿ ಪ್ಲೇಟಿನಲ್ಲೂ ಇರಲಿ.

ಎರಡು: ಕರುಳಿನಿಂದ ಬಂದದ್ದರ ಜೊತೆ ಬ್ಯಾಕ್ಟೀರಿಯಾ ಬರುತ್ತದೆ. ಇಲಿಯ ಐಜಿಎಯಲ್ಲಿ ದೊಡ್ಡ ಪಾಲು ಆ ಬ್ಯಾಕ್ಟೀರಿಯಾಗಳ ವಿರುದ್ಧವೇ ಇರುತ್ತದೆ. ಪ್ರತಿಜನಕದಲ್ಲಿ ಅವು ಉಳಿದಿದ್ದರೆ ನೀವು ಅಳೆಯುತ್ತಿರುವುದು ಜಿಯಾರ್ಡಿಯಾ ವಿರುದ್ಧದ ಪ್ರತಿಕಾಯವಲ್ಲ. ಶುದ್ಧಮಾಡಲು ಈ ಜೀವಿಯ ಸ್ವಭಾವವನ್ನೇ ಬಳಸಿಕೊಳ್ಳಿ. ಅಲುಗಿಸಿ ಬಿಡಿಸಿದ ಟ್ರೋಫೊಜಾಯ್ಟ್‌ಗಳನ್ನು ನೈಲಾನ್ ಜಾಲರಿಯಲ್ಲಿ ಸೋಸಿ, ಪ್ಲಾಸ್ಟಿಕ್ ಫ್ಲಾಸ್ಕ್‌ನಲ್ಲಿ ಆಂಟಿಬಯಾಟಿಕ್ ಸೇರಿಸಿದ ಮೀಡಿಯಂ ಜೊತೆ 37 ಡಿಗ್ರಿಯಲ್ಲಿಡಿ. ಅವು ಗೋಡೆಗೆ ಕಚ್ಚಿಕೊಳ್ಳುತ್ತವೆ. ಬೆಚ್ಚಗಿನ ಪಿಬಿಎಸ್‌ನಿಂದ ಹಲವು ಸಲ ತೊಳೆದರೆ ಬ್ಯಾಕ್ಟೀರಿಯಾ, ಲೋಳೆ, ಕಸವೆಲ್ಲ ಹೋಗುತ್ತದೆ. ಕೊನೆಗೆ ತಣ್ಣಗಿನ ಪಿಬಿಎಸ್ ಹಾಕಿ ಐಸ್ ಮೇಲಿಟ್ಟರೆ ಟ್ರೋಫೊಜಾಯ್ಟ್‌ಗಳು ಬಿಟ್ಟುಕೊಂಡು ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎರಡು ಕೋಶಕೇಂದ್ರಗಳ ಆ ಮುಖದಂಥ ಆಕೃತಿಗಳ ನಡುವಿನ ಜಾಗ ಖಾಲಿಯಾಗಿ ಕಾಣಬೇಕು. ಅಲ್ಲಿ ಮಿಣಮಿಣ ಅಲುಗುವ ಚುಕ್ಕೆಗಳಿದ್ದರೆ ಇನ್ನೂ ತೊಳೆಯುವುದು ಬಾಕಿ ಇದೆ.

ನಂತರ ಇನ್ಹಿಬಿಟರ್ ಸೇರಿಸಿ ಐಸ್ ಮೇಲೆ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಒಡೆದು), ಪ್ರೋಟೀನ್ ಪ್ರಮಾಣ ಅಳೆದು ಮೈನಸ್ 80ರಲ್ಲಿಡಿ. ಅದೇ ದಿನ, ಸೋಂಕಿಲ್ಲದ ಇಲಿಯ ಕರುಳಿಗೂ ಇದೇ ಕ್ರಮವನ್ನು ಮೊದಲಿಂದ ಕೊನೆಯವರೆಗೆ ಮಾಡಿ ಒಂದು ‘ಖಾಲಿ ಪ್ರತಿಜನಕ’ ತಯಾರಿಸಿಕೊಳ್ಳಿ. ಪ್ರತಿ ಮಾದರಿಯನ್ನೂ ಎರಡರ ಮೇಲೂ ಓಡಿಸಿ, ಖಾಲಿಯ ಓದನ್ನು ಕಳೆಯಿರಿ. ಅನೇಕರು ಸಮಯ ಉಳಿಸಲು ಇದನ್ನು ಬಿಟ್ಟುಬಿಡುತ್ತಾರೆ. ಇಡೀ ಕೆಲಸದಲ್ಲಿ ಒಂದೇ ಒಂದು ನಿಯಂತ್ರಣ ಉಳಿಸಿಕೊಳ್ಳಲು ಬಿಟ್ಟರೆ ನಾನು ಉಳಿಸಿಕೊಳ್ಳುವುದು ಇದನ್ನೇ.

ಹಂತ 6: ಎಲೈಸಾ

ಕೆಲಸದ ಕ್ರಮ ಸಾಮಾನ್ಯ ಎಲೈಸಾದ್ದೇ:

- ಪಿಎಚ್ 9.6ರ ಕಾರ್ಬೊನೇಟ್ ಬಫರ್‌ನಲ್ಲಿ ಮಿಲೀಲೀಟರಿಗೆ 5 ಮೈಕ್ರೋಗ್ರಾಂ ಪ್ರತಿಜನಕ, ವೆಲ್‌ಗೆ 100 ಮೈಕ್ರೋಲೀಟರ್, 4 ಡಿಗ್ರಿಯಲ್ಲಿ ರಾತ್ರಿಯಿಡೀ.
- 0.05 ಶೇಕಡ ಟ್ವೀನ್-20 ಇರುವ ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು, 1 ಶೇಕಡ ಬಿಎಸ್ಎಯಿಂದ (ಹಸುವಿನ ಅಲ್ಬುಮಿನ್) ಒಂದು ಗಂಟೆ ಬ್ಲಾಕ್ (ಖಾಲಿ ಉಳಿದ ಜಾಗ ಮುಚ್ಚುವುದು).
- ಮಾದರಿಯನ್ನು ಎರಡೆರಡು ಪಟ್ಟು ತೆಳುಗೊಳಿಸುತ್ತಾ ಸಾಲಾಗಿ ಹಾಕಿ 37 ಡಿಗ್ರಿಯಲ್ಲಿ ಎರಡು ಗಂಟೆ. ಹಿಕ್ಕೆಯ ದ್ರವ 1:5ರಿಂದ, ಸೀರಮ್ 1:50ರಿಂದ ಶುರುವಾಗಲಿ.
- ತೊಳೆದು, ಐಜಿಎಯ ಆಲ್ಫಾ ಸರಪಣಿಯನ್ನಷ್ಟೇ ಗುರುತಿಸುವ, ಪೆರಾಕ್ಸಿಡೇಸ್ ಜೋಡಿಸಿದ ಆಂಟಿ-ಮೌಸ್ ಐಜಿಎ ಒಂದು ಗಂಟೆ.
- ಐದು ಸಲ ತೊಳೆದು ಟಿಎಂಬಿ (ಪೆರಾಕ್ಸಿಡೇಸ್ ತಾಗಿ ಬಣ್ಣವಾಗುವ ದ್ರವ). ಗಂಧಕಾಮ್ಲದಿಂದ ನಿಲ್ಲಿಸಿ 450 ನ್ಯಾನೊಮೀಟರ್‌ನಲ್ಲಿ ಓದು.

ಬ್ಲಾಕ್ ಮಾಡಲು ಹಾಲಿನ ಪುಡಿ ಬೇಡ. ಅದರಲ್ಲಿ ಹಸುವಿನ ಇಮ್ಯುನೊಗ್ಲಾಬ್ಯುಲಿನ್‌ಗಳಿರುತ್ತವೆ, ಕೆಲವು ಆಂಟಿ-ಮೌಸ್ ದ್ರವಗಳು ಅವಕ್ಕೂ ಅಂಟುತ್ತವೆ. ಹೊಸ ಆಂಟಿ-ಐಜಿಎ ಬಾಟಲಿ ಬಂದಾಗ ಶುದ್ಧ ಇಲಿ ಐಜಿಎ, ಐಜಿಎಂ, ಐಜಿಜಿ ಹಚ್ಚಿದ ವೆಲ್‌ಗಳಲ್ಲಿ ಪರೀಕ್ಷಿಸಿ, ಐಜಿಎ ಬಿಟ್ಟು ಬೇರೆಡೆ ಬಣ್ಣ ಬರುತ್ತಿಲ್ಲವೆಂದು ನೋಡಿಕೊಳ್ಳಿ. ಸೀರಮ್‌ನಲ್ಲಿ ಐಜಿಜಿ ಉಪವರ್ಗಗಳನ್ನು ಅಳೆಯುವವರು ಇನ್ನೊಂದು ವಿಷಯ ಗಮನಿಸಬೇಕು: ಸಿ57-ಬ್ಲ್ಯಾಕ್-6 ಇಲಿಗಳಲ್ಲಿ ಐಜಿಜಿ2ಎ ಇಲ್ಲ, ಅದರ ಜಾಗದಲ್ಲಿರುವುದು ಐಜಿಜಿ2ಸಿ. ತಪ್ಪು ಆಂಟಿಬಾಡಿ ಹಾಕಿ ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆದುಬಿಡುವ ಅಪಾಯವಿದೆ. ಹಾಗೆಯೇ ಸೀರಮ್‌ನಲ್ಲಿ ಐಜಿಜಿ ಬಹಳ ಇದ್ದರೆ ಅದು ಪ್ರತಿಜನಕದ ಜಾಗಗಳನ್ನು ಮೊದಲೇ ಹಿಡಿದು, ಇರುವ ಐಜಿಎಯನ್ನು ಕಡಿಮೆ ತೋರಿಸುತ್ತದೆ.

ಒಂದೇ ತೆಳುವಿನ ಓಡಿ (ಬಣ್ಣದ ಗಾಢತೆಯ ಓದು) ಸಂಖ್ಯೆಯನ್ನು ಫಲಿತಾಂಶವೆಂದು ಕೊಡಬೇಡಿ. ಓಡಿ ಮೇಲೇರಿದಂತೆ ರೇಖೆ ಬಾಗಿ ಚಪ್ಪಟೆಯಾಗುತ್ತದೆ. ಅಲ್ಲಿ ಪ್ರತಿಕಾಯ ದುಪ್ಪಟ್ಟಾದರೂ ಓಡಿ ಒಂದಿಷ್ಟೇ ಅಲುಗುತ್ತದೆ. ಸೋಂಕಿಂದ ಗುಣವಾದ ಹಲವು ಇಲಿಗಳ ತೊಳೆತವನ್ನು ಬೆರೆಸಿ, ಚಿಕ್ಕ ಪಾಲುಗಳಾಗಿ ಹೆಪ್ಪುಗಟ್ಟಿಸಿಟ್ಟು, ಅದಕ್ಕೆ 1,000 ಘಟಕ ಎಂದು ಹೆಸರಿಟ್ಟು ಪ್ರತಿ ಪ್ಲೇಟಿನಲ್ಲೂ ಓಡಿಸಿ. ಉಳಿದೆಲ್ಲ ಮಾದರಿಗಳನ್ನು ಆ ರೇಖೆಯ ಮೇಲೆ ಓದಿ. ಹೀಗೆ ಮಾಡಿದರೆ ಬೇರೆ ಬೇರೆ ದಿನ ಮಾಡಿದ ಪ್ಲೇಟುಗಳನ್ನು ಹೋಲಿಸಬಹುದು.

ಇಷ್ಟೇ ಸಾಲದು, ಒಟ್ಟು ಐಜಿಎಯನ್ನೂ ಅಳೆಯಬೇಕು. ಆಂಟಿ-ಮೌಸ್ ಐಜಿಎ ಹಚ್ಚಿದ ಪ್ಲೇಟಿನಲ್ಲಿ, ಶುದ್ಧ ಇಲಿ ಐಜಿಎಯನ್ನು ಮಾನಕವಾಗಿಟ್ಟು ಅಳೆದರೆ ಮೈಕ್ರೋಗ್ರಾಂಗಳಲ್ಲಿ ಉತ್ತರ ಬರುತ್ತದೆ. ಏಕೆ ಬೇಕೆಂದರೆ, ಹಿಕ್ಕೆಯ ನೀರಿನಂಶ ಬದಲಾದರೂ, ತೊಳೆತದ ದ್ರವ ಪೂರ್ತಿ ವಾಪಸು ಬರದಿದ್ದರೂ ನಿರ್ದಿಷ್ಟ ಐಜಿಎಯ ಸಂಖ್ಯೆ ಬದಲಾಗುತ್ತದೆ. ಉದಾಹರಣೆಗೆ ಲೆಕ್ಕ ಹಾಕಿ: ಎರಡು ಇಲಿಗಳಲ್ಲೂ ಜಿಯಾರ್ಡಿಯಾ ವಿರುದ್ಧ 60 ಘಟಕ ಸಿಕ್ಕಿದೆ. ಮೊದಲನೆಯದರಲ್ಲಿ ಒಟ್ಟು ಐಜಿಎ ಮಿಲೀಲೀಟರಿಗೆ 80 ಮೈಕ್ರೋಗ್ರಾಂ, ಎರಡನೆಯದರ ಹಿಕ್ಕೆ ನೀರಾಗಿದ್ದು ಒಟ್ಟು 40. ಮೈಕ್ರೋಗ್ರಾಂ ಒಂದಕ್ಕೆ ಮೊದಲನೆಯದು 0.75, ಎರಡನೆಯದು 1.5. ಸಮಾನ ಎಂದುಕೊಂಡ ಇಲಿಗಳಲ್ಲಿ ಒಂದರ ಪ್ರತಿಕ್ರಿಯೆ ಇನ್ನೊಂದರ ಇಮ್ಮಡಿ. ಎರಡೂ ಬಗೆಯ ಸಂಖ್ಯೆಗಳನ್ನು ಒಟ್ಟಿಗೇ ಪ್ರಕಟಿಸಿ, ಏಕೆಂದರೆ ಸೋಂಕಿನಿಂದ ಒಟ್ಟು ಐಜಿಎಯೇ ಏರಿದ್ದರೆ ಅನುಪಾತವೊಂದೇ ಅದನ್ನು ಮುಚ್ಚಿಬಿಡುತ್ತದೆ.

ಕೊನೆಗೊಂದು ಹೀರಿಕೆಯ ಪರೀಕ್ಷೆ. ಪಾಸಿಟಿವ್ ಮಾದರಿಯೊಂದನ್ನು ಮೂರು ಪಾಲು ಮಾಡಿ. ಒಂದಕ್ಕೆ ಟ್ರೋಫೊಜಾಯ್ಟ್ ಸೋನಿಕೇಟ್, ಒಂದಕ್ಕೆ ಸೋಂಕಿಲ್ಲದ ಇಲಿಯ ಕರುಳಿನ ಬ್ಯಾಕ್ಟೀರಿಯಾ, ಒಂದಕ್ಕೆ ಬರೀ ಬಫರ್ ಸೇರಿಸಿ ಒಂದು ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ ಓಡಿಸಿ. ಮೊದಲನೆಯದರಲ್ಲಿ ಬಣ್ಣ ಬೀಳಬೇಕು, ಎರಡನೆಯದರಲ್ಲಿ ಉಳಿಯಬೇಕು. ಎರಡನೆಯದರಲ್ಲೂ ಬಿದ್ದರೆ ಹಂತ 5ಕ್ಕೆ ವಾಪಸು.

ಹಂತ 7: ಇಡೀ ಟ್ರೋಫೊಜಾಯ್ಟ್ ಮೇಲೆ ಮತ್ತು ಕೋಶಗಳ ಮಟ್ಟದಲ್ಲಿ

ಸೋನಿಕೇಟ್‌ನಲ್ಲಿ ಪರಾವಲಂಬಿಯ ಒಳಗಿನ ಪ್ರೋಟೀನ್‌ಗಳೇ ಹೆಚ್ಚು. ಬದುಕಿರುವ ಜೀವಿಗೆ ಐಜಿಎ ಅಂಟುವುದು ಅದರ ಮೇಲ್ಮೈಗೆ. ಆದ್ದರಿಂದ ಬಿ ಕೋಶಗಳಿಲ್ಲದ ಇಲಿಯಿಂದ ತೆಗೆದ ಇಡೀ ಟ್ರೋಫೊಜಾಯ್ಟ್‌ಗಳನ್ನು ತೊಳೆತದ ದ್ರವದಲ್ಲಿ ಐಸ್ ಮೇಲೆ ಅರ್ಧ ಗಂಟೆ ಇಟ್ಟು, ತೊಳೆದು, ಹೊಳೆಯುವ ಆಂಟಿ-ಐಜಿಎ ಹಾಕಿ, ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರ್‌ನಲ್ಲಿ ಅಥವಾ ಸೂಕ್ಷ್ಮದರ್ಶಕದಲ್ಲಿ ನೋಡಿ. ಎಲೈಸಾದಲ್ಲಿ ಜೋರಾಗಿದ್ದು ಇಲ್ಲಿ ಮಂಕಾಗಿರುವ ಮಾದರಿಗಳು ಸಿಗುತ್ತವೆ. ಅಂಥವುಗಳಲ್ಲಿನ ಪ್ರತಿಕಾಯ ಸತ್ತ ಜೀವಿಗಳ ಒಳಸರಕಿನ ವಿರುದ್ಧ ಹುಟ್ಟಿದ್ದಿರಬಹುದು.

ಐಜಿಎ ಸ್ರವಿಸುವ ಕೋಶಗಳನ್ನೇ ಎಣಿಸಲು ಎಲಿಸ್ಪಾಟ್ ಇದೆ: ಸ್ರವಿಸುವ ಪ್ರತಿ ಕೋಶಕ್ಕೂ ಪ್ಲೇಟಿನಲ್ಲಿ ಒಂದು ಚುಕ್ಕೆ ಮೂಡುವ ಪರೀಕ್ಷೆ. ಮೊದಲು ಪೇಯರ್ಸ್ ಪ್ಯಾಚ್‌ಗಳನ್ನು ಒಂದೂ ಬಿಡದೆ ಕತ್ತರಿಸಿ ತೆಗೆಯಿರಿ. ಇಡಿಟಿಎಯಿಂದ ಮೇಲ್ಪದರ ಬಿಡಿಸಿ, ಕೊಲ್ಯಾಜಿನೇಸ್‌ನಿಂದ ಉಳಿದದ್ದನ್ನು ಕರಗಿಸಿ ಲಾಮಿನಾ ಪ್ರೊಪ್ರಿಯಾದ ಕೋಶಗಳನ್ನು ಪಡೆಯಿರಿ. ಪಿವಿಡಿಎಫ್ ಪೊರೆಯ ಪ್ಲೇಟನ್ನು 35 ಶೇಕಡ ಎಥನಾಲ್‌ನಿಂದ ಒಂದು ನಿಮಿಷ ಒದ್ದೆಮಾಡಿ, ಚೆನ್ನಾಗಿ ತೊಳೆದು, ಪ್ರತಿಜನಕ ಹಚ್ಚಿ, ಬ್ಲಾಕ್ ಮಾಡಿ, ಕೋಶಗಳನ್ನು ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಅಲುಗಿಸದೆ ಇಡಿ. ಪ್ಲಾಸ್ಮಾ ಕೋಶಗಳು ನಾಜೂಕು, ಕೊಲ್ಯಾಜಿನೇಸ್‌ನಲ್ಲಿ ಹೊತ್ತು ಮೀರಿದರೆ ಸಾಯುತ್ತವೆ. ಬದುಕಿರುವ ಕೋಶಗಳ ಪ್ರಮಾಣವನ್ನು ಪ್ರತಿ ಇಲಿಗೂ ಬರೆದಿಡಿ.

ಹಂತ 8: ಸಂಖ್ಯೆಗಳನ್ನು ಓದುವುದು

ಘಟಕಗಳನ್ನು ಲಾಗ್‌ಗೆ ಪರಿವರ್ತಿಸಿ ವಿಶ್ಲೇಷಿಸಿ. ಒಂದೇ ಇಲಿಯ ವಾರವಾರದ ಹಿಕ್ಕೆಗಳು ಸ್ವತಂತ್ರ ಮಾದರಿಗಳಲ್ಲ, ಒಂದೇ ಪಂಜರದ ಇಲಿಗಳೂ ಪೂರ್ತಿ ಸ್ವತಂತ್ರವಲ್ಲ. ಇಲಿ ಮತ್ತು ಪಂಜರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಖ್ಯಾಶಾಸ್ತ್ರದ ಮಿಶ್ರ ಮಾದರಿ (ಮಿಕ್ಸೆಡ್ ಮಾಡೆಲ್) ಬಳಸಿ. ಎಣಿಸುವವರಿಗೆ ಯಾವ ಕೊಳವೆ ಯಾವ ಗುಂಪಿನದೆಂದು ತಿಳಿಯದಿರಲಿ.

ಏನು ಕಾಣಬಹುದು? 1986ರಲ್ಲಿ ಸ್ನೈಡರ್ ಮತ್ತು ಅಂಡರ್‌ಡೌನ್ ಮ್ಯೂರಿಸ್ ಸೋಂಕಿನಲ್ಲಿ ಸೀರಮ್ ಮತ್ತು ಕರುಳಿನ ಸ್ರಾವ ಎರಡನ್ನೂ ಅಳೆದು ತೋರಿಸಿದ್ದು: ಐಜಿಎ ಎರಡೂ ಕಡೆ ಇತ್ತು, ಐಜಿಜಿ ಸೀರಮ್‌ನಲ್ಲಿತ್ತು, ಕರುಳಿನ ಸ್ರಾವದಲ್ಲಿರಲಿಲ್ಲ. ನಿಮ್ಮ ಫಲಿತಾಂಶ ಈ ಚಿತ್ರಕ್ಕೆ ತೀರ ವಿರುದ್ಧವಾಗಿದ್ದರೆ ಮೊದಲು ಅಲ್ಬುಮಿನ್ ಪಟ್ಟಿ ತೆರೆದು ನೋಡಿ.

ಸೋಂಕು ತುದಿಯಲ್ಲಿರುವಾಗ ಕರುಳಿನ ದ್ರವದಲ್ಲಿ ನಿರ್ದಿಷ್ಟ ಐಜಿಎ ಕಡಿಮೆ ಕಂಡರೆ ಪ್ರತಿಕಾಯ ಹುಟ್ಟಿಲ್ಲ ಎಂದು ತೀರ್ಮಾನಿಸಬೇಡಿ. ಲಕ್ಷಗಟ್ಟಲೆ ಟ್ರೋಫೊಜಾಯ್ಟ್‌ಗಳು ಅದನ್ನು ಮೈಗೆ ಅಂಟಿಸಿಕೊಂಡು ದ್ರವದಿಂದ ತೆಗೆದುಬಿಟ್ಟಿರಬಹುದು. ಆ ದಿನದ ಟ್ರೋಫೊಜಾಯ್ಟ್‌ಗಳಿಗೆ ನೇರವಾಗಿ ಹೊಳೆಯುವ ಆಂಟಿ-ಐಜಿಎ ಹಾಕಿ ನೋಡಿದರೆ ಉತ್ತರ ಸಿಗುತ್ತದೆ.

ಐಜಿಎ ಏರಿತು, ಪರಾವಲಂಬಿ ಇಳಿಯಿತು. ಹಾಗಾದರೆ ಐಜಿಎಯೇ ಓಡಿಸಿತೇ? ಎರಡು ಗೆರೆಗಳು ಒಂದನ್ನೊಂದು ದಾಟಿದ ಮಾತ್ರಕ್ಕೆ ಇದು ಸಾಬೀತಾಗದು. ಅದೇ ಹೊತ್ತಿಗೆ ಟಿ ಕೋಶಗಳು, ಮಾಸ್ಟ್ ಕೋಶಗಳು, ಚುರುಕಾದ ಕರುಳಿನ ಚಲನೆ ಎಲ್ಲವೂ ಕೆಲಸದಲ್ಲಿರುತ್ತವೆ. ಉತ್ತರ ಬೇಕಾದರೆ ಐಜಿಎ ಇಲ್ಲದ ಇಲಿ ಬೇಕು. 2002ರಲ್ಲಿ ಲ್ಯಾಂಗ್‌ಫರ್ಡ್ ಮತ್ತು ಸಂಗಡಿಗರು ಬಿ ಕೋಶಗಳಿಲ್ಲದ ಹಾಗೂ ಐಜಿಎ ಇಲ್ಲದ ಇಲಿಗಳು ಮ್ಯೂರಿಸ್ ಸೋಂಕನ್ನು ಪೂರ್ತಿ ನಿವಾರಿಸಲಾರವು ಎಂದು ತೋರಿಸಿದರು. ಆದರೆ 2000ದಲ್ಲಿ ಸಿಂಗರ್ ಮತ್ತು ನ್ಯಾಶ್ ಜಿಯಾರ್ಡಿಯಾ ಲ್ಯಾಂಬ್ಲಿಯಾ ಬಳಸಿದಾಗ, ಬಿ ಕೋಶಗಳಿಲ್ಲದ ಇಲಿಗಳೂ ಆರಂಭದ ಸೋಂಕನ್ನು ಹತೋಟಿಗೆ ತಂದಿದ್ದವು; ಆಗದೇ ಹೋದದ್ದು ಟಿ ಕೋಶಗಳಿಲ್ಲದವಕ್ಕೆ. ಜೀವಿ ಬದಲಾದರೆ, ಅಳೆಯುವ ದಿನ ಬದಲಾದರೆ ಪ್ರತಿಕಾಯದ ಪಾಲೂ ಬದಲಾಗಿ ಕಾಣುತ್ತದೆ. ಹಾಗಾಗಿ ಬರೆಯುವಾಗ ಯಾವ ಜಿಯಾರ್ಡಿಯಾ, ಯಾವ ಇಲಿ, ಎಷ್ಟನೇ ದಿನ ಎನ್ನುವುದನ್ನು ಶೀರ್ಷಿಕೆಯಲ್ಲೇ ಹೇಳಿಬಿಡುವುದು ಒಳ್ಳೆಯದು.

ಪಾಲಿಮೆರಿಕ್ ಗ್ರಾಹಕವಿಲ್ಲದ ಇಲಿಗಳನ್ನು ಬಳಸುವವರಿಗೆ ವಿಶೇಷ ಎಚ್ಚರಿಕೆ: ಅವುಗಳಲ್ಲಿ ಐಜಿಎ ತಯಾರಾಗುತ್ತದೆ, ಆದರೆ ಕರುಳಿಗೆ ದಾಟುವ ದಾರಿಯಿಲ್ಲದೆ ರಕ್ತದಲ್ಲಿ ರಾಶಿಬೀಳುತ್ತದೆ. ಸೀರಮ್ ಮಾತ್ರ ಅಳೆದರೆ ಈ ಇಲಿಗಳದೇ ಅತ್ಯುತ್ತಮ ಪ್ರತಿಕ್ರಿಯೆ ಎಂದು ಓದುತ್ತೀರಿ. ಅವುಗಳ ಸೀರಮ್, ಪಿತ್ತರಸ, ತೊಳೆತ ಮೂರನ್ನೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಓಡಿಸಿ, ಸಾಮಾನ್ಯ ಇಲಿಯ ಅದೇ ಮೂರು ಮಾದರಿಗಳ ಜೊತೆ ಹೋಲಿಸಿ. ತೊಳೆತದಲ್ಲಿ ಸಿಕ್ಕ ಅಲ್ಪಸ್ವಲ್ಪ ಐಜಿಎಗೆ ಸೆಕ್ರೆಟರಿ ಕಾಂಪೊನೆಂಟ್ ವಿರುದ್ಧದ ಆಂಟಿಬಾಡಿಯಿಂದಲೂ ಒಂದು ಪರೀಕ್ಷೆ ಮಾಡಿ. ಅದು ನೆಗೆಟಿವ್ ಬಂದರೆ ಆ ಐಜಿಎ ಸೋರಿ ಬಂದದ್ದು, ಗುಂಪಿನ ಸರಾಸರಿಗೆ ಸೇರಿಸಬೇಡಿ, ಪ್ರತ್ಯೇಕವಾಗಿ ವರದಿ ಮಾಡಿ.